ಬುರಿರಾಮ್ ರೇಸಿಗೆ ಮೂರು ಪಾಸ್‌ಪೋರ್ಟ್

ಬ್ಯಾಂಕಾಕಿಗೆ ಹೋಗ್ತೀವಿ ಅಂತ ಊರಲ್ಲಿ ಒಮ್ಮೆ ಹೇಳಿ ನೋಡಿ. ಕೇಳಿದವರು ಮೊದಲು ನಿಮ್ಮ ಮುಖ ನೋಡ್ತಾರೆ, ಆಮೇಲೆ ಪಕ್ಕದವರ ಮುಖ ನೋಡಿ ನಗ್ತಾರೆ. ‘ಇಲ್ಲ ಮಾರಾಯ್ರೆ, ಬೈಕ್ ರೇಸ್ ನೋಡೋಕೆ’ ಅಂದರೆ ನಗು ಇನ್ನೂ ಜಾಸ್ತಿ. ಹಾಗಾಗಿ ಈಗ ನಾವು ಬ್ಯಾಂಕಾಕ್ ಹೆಸರನ್ನೇ ಎತ್ತುವುದಿಲ್ಲ. ಬುರಿರಾಮ್ ಅನ್ನುತ್ತೇವೆ. ‘ರಾಮದೇವರ ಕ್ಷೇತ್ರವಾ?’ ಎಂದು ಹಾಲಿನ ಡೇರಿಯಲ್ಲಿ ಒಬ್ಬರು ಭಕ್ತಿಯಿಂದಲೇ ಕೇಳಿದರು.

ನಾವು ಅಂದರೆ ಮೂರು ಜನ. ತೀರ್ಥಹಳ್ಳಿ ಕಡೆಯವರು. ಒಬ್ಬನಿಗೆ ಅಡಿಕೆ ತೋಟ. ಇನ್ನೊಬ್ಬ ಬೈಕ್ ಮೆಕ್ಯಾನಿಕ್. ಮೂರನೆಯವರು ಇದನ್ನು ಬರೆಯುತ್ತಿರುವ ಜಿಲ್ಲಾ ಸ್ಟ್ರಿಂಗರ್, ಅಂದರೆ ಸುದ್ದಿಗೆ ಇಷ್ಟು ಎಂದು ಎಣಿಸಿ ದುಡ್ಡು ತೆಗೆದುಕೊಳ್ಳುವವರು. ಮೂವರಲ್ಲಿ ಯಾರೂ ಈವರೆಗೆ ದೇಶ ದಾಟಿಲ್ಲ.

ಹೋಗುತ್ತಿರುವುದು ಮೋಟೋಜಿಪಿ ನೋಡಲು. 2026ರ ಹಂಗಾಮಿನ ಮೊದಲ ರೇಸ್, ಫೆಬ್ರವರಿ 27ರಿಂದ ಮಾರ್ಚ್ 1ರವರೆಗೆ, ಥಾಯ್ಲೆಂಡಿನ ಬುರಿರಾಮ್‌ನಲ್ಲಿ. ನಮ್ಮಲ್ಲೇ ಇಲ್ಲವಾ ಎಂದು ಕೇಳುವವರಿಗೆ ಉತ್ತರ ಸಣ್ಣದು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ 2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ ಒನ್ ನಡೆಯಿತು, 2023ರ ಸೆಪ್ಟೆಂಬರ್‌ನಲ್ಲಿ ಒಂದೇ ಒಂದು ಸಲ ಮೋಟೋಜಿಪಿ. ಆಮೇಲೆ ಇಲ್ಲ. ಆ ಸಲ ಅಡಿಕೆ ಧಾರಣೆ, ಮಳೆ, ಮನೆಯ ಒಂದು ಮದುವೆ ಎಲ್ಲ ಸೇರಿ ನಮ್ಮನ್ನು ಇಲ್ಲೇ ಕೂರಿಸಿದವು.

ಈ ವರ್ಷವೇ ಹೋಗಬೇಕು ಎಂದು ಹಟ ಹಿಡಿದವನು ಮೆಕ್ಯಾನಿಕ್. ಮೋಟೋಜಿಪಿಯಲ್ಲಿ 1000 ಸಿಸಿ ಇಂಜಿನ್ನಿಗೆ 2026 ಕೊನೆಯ ವರ್ಷ, 2027ರಿಂದ 850 ಸಿಸಿ. ‘ಆ ಶಬ್ದ ಆಮೇಲೆ ಸಿಗಲ್ಲ’ ಅನ್ನುತ್ತಾನೆ. ನಮಗೆ ಟಿವಿಯಲ್ಲಿ ಕೇಳಿಸುವುದು ಬರೀ ಜೇನುನೊಣದ ಗುಂಯ್ ಎಂಬ ಸದ್ದು. ಅವನಿಗೆ ಹಾಗಲ್ಲ. ರಸ್ತೆ ತಿರುವಿನಲ್ಲಿ ಗಾಡಿ ಬರುತ್ತಿದ್ದಂತೆಯೇ ಟ್ಯಾಪೆಟ್ ಸಡಿಲವೋ ಚೈನು ಸಡಿಲವೋ ಎಂದು ತಲೆ ಎತ್ತದೆ ಹೇಳುವವನು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿಯೊಂದನ್ನು ಹಿತ್ತಿಲಿನಿಂದ ಎತ್ತಿ ತಂದು, ಎರಡು ಮಳೆಗಾಲ ಕೂತು ಮತ್ತೆ ಉಸಿರಾಡಿಸಿದ್ದಾನೆ. 157 ಕೆ.ಜಿ. ತೂಕದ ಬೈಕು ಗಂಟೆಗೆ 360 ಕಿ.ಮೀ. ದಾಟುತ್ತದೆ ಎಂದರೆ ನಮಗೆ ಅದೊಂದು ಅಂಕಿ. ಅವನಿಗೆ ನಿದ್ದೆ ಬರುವುದಿಲ್ಲ.

ಮೊದಲು ನಾವು ಕನಸು ಕಂಡಿದ್ದು ಊರಿನಿಂದಲೇ ಜೀಪಿನಲ್ಲಿ ಹೋಗುವುದು. ಮಣಿಪುರದ ಮೋರೆಯಿಂದ ಮ್ಯಾನ್ಮಾರ್ ಹಾಯ್ದು ಥಾಯ್ಲೆಂಡಿನ ಮೇ ಸೋಟ್‌ವರೆಗೆ ಸುಮಾರು 1,360 ಕಿ.ಮೀ. ತ್ರಿದೇಶ ಹೆದ್ದಾರಿಯ ಯೋಜನೆ ಇದೆ. ಕಾಗದದಲ್ಲಿ ಸೊಗಸಾದ ರಸ್ತೆ. ಪೂರ್ತಿ ಮುಗಿದಿಲ್ಲ, 2021ರಲ್ಲಿ ಅಲ್ಲಿ ಸೇನೆ ಅಧಿಕಾರ ಹಿಡಿದ ಮೇಲಂತೂ ಆ ದೇಶ ಅಂತರ್ಯುದ್ಧದಲ್ಲಿ ಬೇಯುತ್ತಿದೆ. ನಕ್ಷೆ ಮಡಚಿಟ್ಟೆವು. ಬೆಂಗಳೂರಿನಿಂದ ಬ್ಯಾಂಕಾಕಿಗೆ ನಾಲ್ಕು ಗಂಟೆ ಒಳಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು. ಬುರಿರಾಮ್‌ಗೆ ರೈಲೂ ಇದೆ, ಅಗ್ಗವೂ ಹೌದು. ‘ರೇಸ್ ನೋಡೋಕೆ ರೈಲಲ್ಲಿ ಹೋಗೋದಾ?’ ಎಂದು ಮೆಕ್ಯಾನಿಕ್ ಕೇಳಿದ ರೀತಿಗೆ ಆ ಮಾತು ಅಲ್ಲೇ ನಿಂತಿತು.

ಅಲ್ಲೂ ನಮ್ಮ ಹಾಗೆ ಎಡಗಡೆ ಸಂಚಾರ. ಇದು ದೊಡ್ಡ ಸಮಾಧಾನ. ದಾರಿ ಸುಮಾರು 400 ಕಿ.ಮೀ. ಬ್ಯಾಂಕಾಕಿನಿಂದ ಸರಬುರಿ, ಅಲ್ಲಿಂದ ನಖೋನ್ ರಾಚಸೀಮಾ, ಆಮೇಲೆ ನಾಂಗ್ ರಾಂಗ್ ಎಂಬ ಸಣ್ಣ ಪೇಟೆ, ಅಲ್ಲಿ ಎಡಕ್ಕೆ ತಿರುಗಿದರೆ ಬುರಿರಾಮ್. ಈ ಹೆಸರುಗಳನ್ನು ಜೋರಾಗಿ ಹೇಳಿ ನೋಡಿ, ಗುರುತು ಹತ್ತುತ್ತವೆ. ನಖೋನ್ ಅಂದರೆ ನಮ್ಮ ನಗರ. ಬುರಿ ಅಂದರೆ ಪುರಿ. ಬುರಿರಾಮ್‌ನ ‘ರಾಮ್’ ದಾಶರಥಿ ರಾಮನಲ್ಲ, ‘ರಮ್ಯ’ ಎಂಬ ಮಾತು. ಸರಬುರಿಯಿಂದ ಮುಂದಿನ ಹೆದ್ದಾರಿಯ ಹೆಸರು ಮಿತ್ರಫಾಪ್. ಬರೆದು ನೋಡಿದರೆ ಅದು ಮಿತ್ರಭಾವ. 1950ರ ದಶಕದಲ್ಲಿ ಅಮೆರಿಕದ ನೆರವಿನಿಂದ ಮಾಡಿದ ರಸ್ತೆ, ಅದಕ್ಕೇ ಆ ಹೆಸರು.

ಬುರಿರಾಮ್ ಇರುವ ಸೀಮೆಗೆ ಇಸಾನ್ ಎನ್ನುತ್ತಾರೆ, ಈಶಾನ್ಯ ಎಂಬುದರ ಅವರ ಉಚ್ಚಾರ. ಭತ್ತದ ನಾಡು, ಬಡ ಸೀಮೆ, ಹರೆಯದವರು ದುಡಿಯಲು ಬ್ಯಾಂಕಾಕಿಗೆ ಹೋಗುವ ಸೀಮೆ. ಅಂಥಲ್ಲಿ ಲೋಕದ ರೇಸ್ ಹೇಗೆ ಬಂತು? ನೆವಿನ್ ಚಿಡ್ಚೋಬ್ ಎಂಬ ಅಲ್ಲಿನ ರಾಜಕಾರಣಿ ಮೊದಲು ಫುಟ್‌ಬಾಲ್ ತಂಡ ಕಟ್ಟಿದರು, 2011ರಲ್ಲಿ ಅದಕ್ಕೊಂದು ಕ್ರೀಡಾಂಗಣ. ಪಕ್ಕದಲ್ಲೇ 2014ರಲ್ಲಿ ಚಾಂಗ್ ಸರ್ಕ್ಯೂಟ್, 4.554 ಕಿ.ಮೀ., 12 ತಿರುವು. 2018ರಿಂದ ಮೋಟೋಜಿಪಿ ಬರತೊಡಗಿತು. ಜಿಲ್ಲಾ ಸುದ್ದಿ ಬರೆಯುವ ನಮಗೆ ರೇಸಿನಷ್ಟೇ ಕುತೂಹಲ ಇದರ ಮೇಲಿದೆ. ನೆಲ ಯಾರದಿತ್ತು, ಯಾರಿಗೆ ಲಾಭ, ರೇಸ್ ಇಲ್ಲದ ದಿನ ಆ ಊರು ಹೇಗಿರುತ್ತದೆ. ಮೂರು ದಿನದಲ್ಲಿ ತಿಳಿಯುವ ಸಂಗತಿಯಲ್ಲ. ಕೇಳುವುದಂತೂ ಕೇಳುತ್ತೇವೆ.

ಈಗ ಕಾಗದಪತ್ರದ ಕತೆ. ಓದುವವರಲ್ಲಿ ಯಾರಿಗಾದರೂ ಉಪಯೋಗವಾಗಲಿ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇವೆ.

ಪಾಸ್‌ಪೋರ್ಟಿಗೆ 36 ಪುಟದ್ದಕ್ಕೆ 1,500 ರೂಪಾಯಿ, ಹತ್ತು ವರ್ಷ ಬಾಳಿಕೆ. ಬೆಂಗಳೂರಿಗೇ ಹೋಗಬೇಕಿಲ್ಲ, ಹಲವು ಊರುಗಳ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರ ಇದೆ. ಥಾಯ್ಲೆಂಡ್ 2024ರ ಜುಲೈಯಲ್ಲಿ ಭಾರತದ ಪ್ರವಾಸಿಗರನ್ನು ವೀಸಾ ಇಲ್ಲದೆ 60 ದಿನಕ್ಕೆ ಬಿಡತೊಡಗಿತು. ಅಲ್ಲಿ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಆಗಮನ ಕಾರ್ಡ್ ತುಂಬಬೇಕು, ಅದು ಪುಕ್ಕಟೆ, ದುಡ್ಡು ಕೇಳುವ ಜಾಲತಾಣ ಕಂಡರೆ ಮುಚ್ಚಿಬಿಡಿ. ಕಾರು ಓಡಿಸಲು ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. 1,000 ರೂಪಾಯಿ, ಒಂದು ವರ್ಷ. ಅದಕ್ಕೆ ಪಾಸ್‌ಪೋರ್ಟ್ ಪ್ರತಿ ಕೇಳುತ್ತಾರೆ, ಹಾಗಾಗಿ ಪಾಸ್‌ಪೋರ್ಟೇ ಮೊದಲು.

ಬಾಡಿಗೆ ಕಾರಿನ ಠೇವಣಿಗೆ ಹೆಚ್ಚಿನವರು ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಅದೂ ಓಡಿಸುವವನ ಹೆಸರಿನದ್ದು. ಸ್ಟ್ರಿಂಗರಿಗೆ ಕ್ರೆಡಿಟ್ ಕಾರ್ಡ್ ಕೊಡುವ ಬ್ಯಾಂಕು ಇನ್ನೂ ನಮ್ಮ ಕಣ್ಣಿಗೆ ಬಿದ್ದಿಲ್ಲ. ತೋಟದವನ ಹತ್ತಿರ ಇದೆ. ಹಾಗಾಗಿ ಒಪ್ಪಂದದಲ್ಲಿ ಮುಖ್ಯ ಚಾಲಕ ಅವನು, ನಮ್ಮೂರ ಘಾಟಿಯಲ್ಲಿ ಮೂರನೇ ಗೇರು ಬಿಡದವನು. ಮೆಕ್ಯಾನಿಕ್ ಎರಡನೇ ಚಾಲಕ. ಇದನ್ನು ಹೇಳಿದಾಗ ಮೆಕ್ಯಾನಿಕ್ ನಕ್ಕ.

ನಗದೇ ಇದ್ದದ್ದು ಪಾಸ್‌ಪೋರ್ಟ್ ಬಂದ ದಿನ.

ಮೂರೂ ಒಂದೇ ವಾರದಲ್ಲಿ ಬಂದವು. ಒಂದೇ ನೀಲಿ ಬಣ್ಣ, ಒಂದೇ ಸಿಂಹಮುದ್ರೆ. ಅವನದರಲ್ಲಿ ಮಾತ್ರ ಒಳಗೊಂದು ಸಾಲು: ವಲಸೆ ತಪಾಸಣೆ ಅಗತ್ಯ. ಇಸಿಆರ್ ಎನ್ನುತ್ತಾರೆ. ಹತ್ತನೇ ತರಗತಿ ಪಾಸಾದ ದಾಖಲೆ ಇಲ್ಲದವರಿಗೆ ಬೀಳುವ ಮುದ್ರೆ. 50 ವರ್ಷ ದಾಟಿದವರಿಗೆ, ಆದಾಯ ತೆರಿಗೆ ಕಟ್ಟುವವರಿಗೆ ಇಲ್ಲ. ಅವನು ಏಳನೇ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜು ಸೇರಿದವನು. ‘ನಂಗೆ ಓದಿಲ್ಲ ಅಂತ ಇದ್ರಲ್ಲೂ ಬರ್ದಿದ್ದಾರಾ?’ ಎಂದು ಕೇಳಿ ಪುಸ್ತಕ ಮಡಚಿ ಟೂಲ್ ಬಾಕ್ಸಿನ ಮೇಲಿಟ್ಟ. ಎರಡು ದಿನ ರೇಸಿನ ಮಾತೇ ಇಲ್ಲ.

ನಿಯಮ ಹುಡುಕಿದೆವು. ಈ ಮುದ್ರೆ ಇದ್ದವರು ಕೊಲ್ಲಿ ದೇಶಗಳು, ಮಲೇಷ್ಯಾ, ಥಾಯ್ಲೆಂಡ್ ಸೇರಿದಂತೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ ಮಾತ್ರ ಮುಂಚೆ ಅನುಮತಿ ಪಡೆಯಬೇಕು. ಪ್ರವಾಸಕ್ಕೆ ಬೇಕಿಲ್ಲ. ಮೋಸದ ಏಜೆಂಟರಿಂದ ಬಡ ಕೂಲಿಗಳನ್ನು ಕಾಯಲೆಂದು ಮಾಡಿದ ವ್ಯವಸ್ಥೆ ಇದು, ಮಾಡಿದವರ ಉದ್ದೇಶದಲ್ಲಿ ತಪ್ಪು ಹುಡುಕುವುದು ಕಷ್ಟ. ನಾವೇ ಅಂಥ ಸುದ್ದಿ ಓದಿದವರು. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ಹುಡುಗರನ್ನು ಕರೆದೊಯ್ದು, ಮ್ಯಾನ್ಮಾರ್ ಗಡಿ ದಾಟಿಸಿ ಸೈಬರ್ ವಂಚನೆಗೆ ಕೂರಿಸುವ ಜಾಲವಿದೆ. 2025ರ ಮಾರ್ಚಿನಲ್ಲಿ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನದಲ್ಲಿ ವಾಪಸ್ ಕರೆತಂದರು, ಅದೇ ಮೇ ಸೋಟ್‌ನಿಂದ, ನಮ್ಮ ಜೀಪು ತಲುಪಬೇಕಿದ್ದ ಊರಿನಿಂದ. ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಅವನನ್ನು ನಾಲ್ಕು ಪ್ರಶ್ನೆ ಹೆಚ್ಚು ಕೇಳಿದರೆ ಕಾರಣ ಇಲ್ಲದೆ ಅಲ್ಲ.

ಆದರೂ ಅದನ್ನು ಅವನಿಗೆ ಹೇಳುವುದು ಹೇಗೆ? ಮೂವರೂ ಒಂದೇ ಸಾಲಿನಲ್ಲಿ ನಿಂತಾಗ, ಗೇರು ಹಾಕಲು ಬಾರದವನು ಸಲೀಸಾಗಿ ದಾಟುತ್ತಾನೆ, ಡಿಪ್ಲೊಮಾ ಇರುವ ನಾವು ದಾಟುತ್ತೇವೆ, ಇಂಜಿನ್ನಿನ ಉಸಿರು ಬಲ್ಲವನು ನಿಲ್ಲುತ್ತಾನೆ.

ಆದ್ದರಿಂದ ಒಂದು ಫೈಲು ಮಾಡಿದ್ದೇವೆ. ಹೋಗಿಬರುವ ಟಿಕೆಟ್, ನಾಂಗ್ ರಾಂಗ್‌ನ ವಸತಿ ಬುಕಿಂಗ್, ರೇಸಿನ ಟಿಕೆಟ್, ಅವನ ಗ್ಯಾರೇಜಿನ ಪಂಚಾಯಿತಿ ಪರವಾನಗಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ. ಎಲ್ಲ ಬುಕಿಂಗೂ ಅವನ ಹೆಸರಿನಲ್ಲೇ ಮೊದಲು ಬರುವಂತೆ ಮಾಡಿಸಿದೆವು. ಸಾಲಿನಲ್ಲಿ ಮೊದಲು ಅವನು ನಿಲ್ಲುವುದು, ನಾವಿಬ್ಬರು ಹಿಂದೆ. ಅವನನ್ನು ಬಿಡದಿದ್ದರೆ ನಾವೂ ಹೋಗುವುದಿಲ್ಲ ಎಂದು ತೀರ್ಮಾನವಾಗಿದೆ. ತೋಟದವನು ಅರೆಗಳಿಗೆ ತಡೆದೇ ‘ಹೂಂ’ ಅಂದ. ಅವನ ದುಡ್ಡೇ ಜಾಸ್ತಿ ಸೇರಿರುವುದು, ತಡೆದದ್ದು ಸಹಜ.

ಇನ್ನು ಮನೆಯವರು. ತೋಟದವನ ಅಮ್ಮ ಕೇಳಿದ್ದು: ‘ಗಾಡಿ ಓಡಾದು ನೋಡಕ್ಕೆ ಅಷ್ಟು ದೂರ ಹೋಗ್ಬೇಕನ? ಗೇಟಲ್ಲಿ ನಿಂತ್ರೆ ಕಾಣಲ್ವ?’ ಕೊಯ್ಲು, ಸುಲಿತ ಮುಗಿದ ಮೇಲೇ ಹೋಗುವುದೆಂದು ಒಪ್ಪಿಸಿದ್ದಾಯಿತು. ನಮ್ಮ ಮನೆಯಲ್ಲಿ ಒಪ್ಪಿಸಲು ದೇವಸ್ಥಾನದ ಹೆಸರು ಹೇಳಿದೆವು. ಸುಳ್ಳಲ್ಲ. ನಾಂಗ್ ರಾಂಗ್‌ನಿಂದ ಸ್ವಲ್ಪ ದೂರದಲ್ಲಿ, ಆರಿದ ಜ್ವಾಲಾಮುಖಿಯ ತುದಿಯಲ್ಲಿ ಫನೋಮ್ ರುಂಗ್ ಎಂಬ ಶಿವಾಲಯವಿದೆ. 10ರಿಂದ 13ನೇ ಶತಮಾನದ ನಡುವೆ ಖ್ಮೇರ್ ಅರಸರ ಕಾಲದಲ್ಲಿ ಕಟ್ಟಿದ್ದು. ವರ್ಷದ ಕೆಲವೇ ದಿನ ಸೂರ್ಯನ ಬೆಳಕು ಸಾಲಾಗಿ 15 ಬಾಗಿಲು ಹಾಯ್ದು ಬೀಳುತ್ತದೆ. ಶೇಷಶಾಯಿ ವಿಷ್ಣುವಿನ ಕೆತ್ತನೆಯ ಅಲ್ಲಿನ ಬಾಗಿಲವಾಡದ ಕಲ್ಲು 1960ರ ದಶಕದಲ್ಲಿ ಕಳುವಾಗಿ, ಅಮೆರಿಕದ ಶಿಕಾಗೋ ವಸ್ತುಸಂಗ್ರಹಾಲಯದಲ್ಲಿ ಪತ್ತೆಯಾಗಿ, 1988ರಲ್ಲಿ ವಾಪಸ್ ಬಂತು.

ಎಲ್ಲ ಕೇಳಿಸಿಕೊಂಡು ಮನೆಯಾಕೆ ಅಂದಿದ್ದು: ‘ಶಿವನ ದೇವಸ್ಥಾನ ಅಂದ್ಮೇಲೆ ನಾವ್ಯಾಕೆ ಬರ್ಬಾರ್ದು?’

ದುಡ್ಡಿಲ್ಲ ಅಂದೆವು. ಮೂವರ ಖರ್ಚಿಗೇ ವರ್ಷದಿಂದ ಕೂಡಿಡುತ್ತಿದ್ದೇವೆ, ಅದು ನಿಜ. ಆಕೆ ಪಾಸ್‌ಪೋರ್ಟ್ ಅರ್ಜಿಗೆ ಏನೇನು ಬೇಕು ಎಂದು ಕೇಳಿ, ಒಂದು ಚೀಟಿಯಲ್ಲಿ ಬರೆದುಕೊಂಡು ಡಬ್ಬಿಯಲ್ಲಿಟ್ಟಿದ್ದಾರೆ. ಆಕೆ ಎಸ್ಸೆಸ್ಸೆಲ್ಸಿ ಪಾಸು, ಮುದ್ರೆ ಬೀಳುವುದಿಲ್ಲ.

ಈಗ ಉಳಿದಿರುವುದು ಸಣ್ಣಪುಟ್ಟದ್ದು. ಶನಿವಾರದ ಅರ್ಧ ದೂರದ ಸ್ಪ್ರಿಂಟ್ ರೇಸಿಗೆ ಎಷ್ಟು ಹೊತ್ತಿಗೆ ಹೊರಡಬೇಕು, ಪೆಟ್ರೋಲ್ ಬಂಕಿನಲ್ಲಿ ಗ್ಯಾಸೊಹಾಲ್ 91, 95, ಇ20 ಎಂದಿರುವುದರಲ್ಲಿ ಬಾಡಿಗೆ ಕಾರಿಗೆ ಯಾವುದು, ಚಟ್ನಿಪುಡಿ ಎಷ್ಟು. ಮೆಕ್ಯಾನಿಕ್ ದಿನಾ ಸಂಜೆ ಅಂಗಡಿ ಮುಚ್ಚಿದ ಮೇಲೆ ತೋಟದವನನ್ನು ಕಾರಿನಲ್ಲಿ ಕೂರಿಸಿ ನಾಲ್ಕನೇ ಗೇರು ಹಾಕಿಸುತ್ತಿದ್ದಾನೆ.