ಗಡ್ಡವೂ ಉಂಟು, ಗಡ್ಡೆಯೂ ಉಂಟು

ಶುಂಠಿ ಬೇರೋ, ಕಾಂಡವೋ? ಪ್ರೌಢಶಾಲೆಯ ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಮುಕ್ಕಾಲು ಪಾಲು ಕೈಗಳು ಬೇರಿನ ಪರವಾಗಿಯೇ ಏಳುತ್ತವೆ. ಮಣ್ಣೊಳಗೆ ಇರುವುದೆಲ್ಲ ಬೇರು ಎಂಬುದು ಸಾಮಾನ್ಯ ನಂಬಿಕೆ. ಅಡುಗೆಮನೆಯಿಂದ ಒಂದು ತುಂಡು ಹಸಿಶುಂಠಿ ತಂದು, ಅದರ ಮೇಲಿನ ಗೆಣ್ಣುಗಳನ್ನೂ ಗೆಣ್ಣಿನಲ್ಲಿ ಇಣುಕುವ ಮೊಳಕೆಯನ್ನೂ ತೋರಿಸಿದ ಮೇಲೆಯೇ ಮಕ್ಕಳು ಒಪ್ಪುವುದು: ಹೌದು, ಇದು ನೆಲದಲ್ಲಿ ಅಡ್ಡಲಾಗಿ ಮಲಗಿದ ಕಾಂಡ. ಅರಿಸಿನವೂ ಹಾಗೆಯೇ.

ಇದೇ ಬಗೆಯ ಗಡ್ಡೆಯಿಂದ ಏಳುವ ಹೂಗಿಡವೊಂದಿದೆ. ಕುಲ ಬೇರೆ, ಬದುಕುವ ರೀತಿ ಒಂದೇ. ಅದರ ಹೆಸರು ಐರಿಸ್. ಗ್ರೀಕರ ಪುರಾಣದಲ್ಲಿ ಐರಿಸ್ ಎಂದರೆ ಕಾಮನಬಿಲ್ಲಿನ ದೇವತೆ. ನೀಲಿ, ನೇರಳೆ, ಹಳದಿ, ಬಿಳಿ, ಕಂದು ಎಂದು ಈ ಹೂವಿನ ಬಣ್ಣಗಳನ್ನು ನೋಡಿದರೆ ಹೆಸರು ಇಟ್ಟವರು ತಪ್ಪು ಮಾಡಿಲ್ಲ ಎನಿಸುತ್ತದೆ. ಮೂರು ಎಸಳುಗಳು ನೆಟ್ಟಗೆ ಮೇಲೆದ್ದು ಗೋಪುರ ಕಟ್ಟುತ್ತವೆ. ಇನ್ನು ಮೂರು ಎಸಳುಗಳು ನಾಲಿಗೆಯ ಹಾಗೆ ಕೆಳಗೆ ಬಾಗುತ್ತವೆ. ಬಾಗಿದ ಎಸಳಿನ ಬುಡದಲ್ಲಿ ಮೆತ್ತನೆಯ ಕೂದಲಿನ ಸಾಲು. ಇದೇ ಅದರ ಗಡ್ಡ. ದುಂಬಿ ಈ ಗಡ್ಡದ ಜಾಡು ಹಿಡಿದು ಒಳಗೆ ನುಗ್ಗುವಾಗ ಬೆನ್ನಿಗೆ ಪರಾಗ ಮೆತ್ತಿಕೊಳ್ಳುತ್ತದೆ. ಮೇಲೆ ಗಡ್ಡ, ಕೆಳಗೆ ಗಡ್ಡೆ. ಎರಡೂ ಇರುವ ಗಿಡ ಇದೊಂದೇ ಇರಬೇಕು ಎಂದು ಕನ್ನಡ ಬಲ್ಲವರು ತಮಾಷೆ ಮಾಡಬಹುದು.

ಬೆಂಗಳೂರಿನಲ್ಲೋ ಧಾರವಾಡದಲ್ಲೋ ಈ ಹೂವನ್ನು ಬೆಳೆಸಲು ಹೊರಟವರಿಗೆ ನಿರಾಸೆಯಾಗುವುದೇ ಹೆಚ್ಚು. ಚಳಿಗಾಲದ ಗಡಗಡ ನಡುಕ ಇಲ್ಲದಿದ್ದರೆ ಗಡ್ಡದ ಐರಿಸ್ ಎಲೆಯನ್ನಷ್ಟೇ ಬಿಟ್ಟು ಸುಮ್ಮನಾಗುತ್ತದೆ. ಭಾರತದಲ್ಲಿ ಅದರ ನಿಜವಾದ ಬೀಡು ಕಾಶ್ಮೀರ. ಅಲ್ಲಿ ಗೋರಿಗಳ ಮೇಲೆ ಐರಿಸ್ ನೆಡುವುದು ಹಳೆಯ ರೂಢಿ. ಹಿಮ ಕರಗಿದ ಮೇಲೆ ಬರುವ ವಸಂತದಲ್ಲಿ ಸ್ಮಶಾನಗಳೇ ಬಿಳಿ, ನೀಲಿ ಹೂಗಳಿಂದ ತುಂಬುತ್ತವೆ. ಸತ್ತವರ ನೆಲದಲ್ಲಿ ವರ್ಷವರ್ಷವೂ ತಾನಾಗಿ ಏಳುವ ಹೂವು. ಈ ಗಿಡದ ಕಥೆಗೆ ಇದು ತಕ್ಕ ಮುನ್ನುಡಿ.

ಕಥೆ ಶುರುವಾಗುವುದು ಇಂಗ್ಲೆಂಡಿನ ಕೇಂಬ್ರಿಜ್ ಪಕ್ಕದ ಗ್ರೇಟ್ ಶೆಲ್ಫರ್ಡ್ ಎಂಬ ಹಳ್ಳಿಯಲ್ಲಿ. ಅಲ್ಲಿನ ಸುಣ್ಣಮಣ್ಣಿನ ದಿಬ್ಬದ ಮೇಲೆ ಮೈಕೆಲ್ ಫಾಸ್ಟರ್ ಎಂಬ ಮೇಷ್ಟ್ರ ಮನೆ. ಹುಟ್ಟಿದ್ದು 1836ರಲ್ಲಿ. ವೈದ್ಯ ಓದಿದವರು. 1870ರಲ್ಲಿ ಕೇಂಬ್ರಿಜ್‌ಗೆ ಬಂದು, 1883ರಲ್ಲಿ ಅಲ್ಲಿನ ಶರೀರಕ್ರಿಯಾಶಾಸ್ತ್ರದ ಮೊಟ್ಟಮೊದಲ ಪ್ರಾಧ್ಯಾಪಕರಾದರು. ಅವರ ಪಠ್ಯಪುಸ್ತಕವನ್ನು ವೈದ್ಯ ವಿದ್ಯಾರ್ಥಿಗಳು ದಶಕಗಟ್ಟಲೆ ಓದಿದರು. ಅವರ ಗರಡಿಯಲ್ಲಿ ಪಳಗಿದ ಷೆರಿಂಗ್ಟನ್ ಮುಂದೆ 1932ರಲ್ಲಿ ನೊಬೆಲ್ ಪಾರಿತೋಷಕ ಪಡೆದರು. ಇಷ್ಟೆಲ್ಲ ಕೆಲಸದ ನಡುವೆ ಫಾಸ್ಟರ್ ಅವರಿಗೆ ಬಿಡುವು ಸಿಕ್ಕರೆ ಕೈ ಮಣ್ಣಿನಲ್ಲಿ. ತೋಟದ ತುಂಬ ಐರಿಸ್.

ಈ ಮೇಷ್ಟ್ರಿಗೆ ಹೂ ನೋಡಿ ಸುಮ್ಮನಿರಲು ಬರುತ್ತಿರಲಿಲ್ಲ. ಒಂದು ಹೂವಿನ ಪರಾಗವನ್ನು ಇನ್ನೊಂದರ ಶಲಾಕೆಗೆ ಸವರಿ ಹೊಸ ತಳಿ ಬರಿಸುವ ಹಂಬಲ. ಕೆಲಸ ಕಷ್ಟದ್ದಲ್ಲ. ಬೆಳಗಿನ ಹೊತ್ತು ಚಿಮಟಿಗೆಯಲ್ಲಿ ಒಂದು ಹೂವಿನ ಪರಾಗಕೋಶ ಕಿತ್ತು, ಇನ್ನೊಂದು ಹೂವಿನ ಒಳಗೆ ತುಟಿಯಂತೆ ಚಾಚಿರುವ ಶಲಾಕಾಗ್ರಕ್ಕೆ ಮೆಲ್ಲಗೆ ಉಜ್ಜಬೇಕು. ಕೂಡಿತು ಎಂದರೆ ಕೆಲವೇ ದಿನಗಳಲ್ಲಿ ಹೂವಿನ ಬುಡ ಉಬ್ಬುತ್ತದೆ. ಎರಡು ತಿಂಗಳಿಗೆ ಕಾಯಿ ಬಲಿತು ಬಾಯಿ ಬಿಡುತ್ತದೆ. ಬೀಜ ಬಿತ್ತಿದರೆ ಒಂದು ಚಳಿಗಾಲ ಮಲಗಿ, ವಸಂತದಲ್ಲಿ ಮೊಳೆಯುತ್ತದೆ. ಆ ಸಸಿ ಹೂ ಬಿಡಲು ಮತ್ತೆ ಒಂದೆರಡು ವರ್ಷ. ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಮೂರು ವರ್ಷ ಕಾಯುವ ಪ್ರಯೋಗ ಇದು. ಮಗ ಹತ್ತನೆಯ ತರಗತಿಯ ಪರೀಕ್ಷೆ ಬರೆದು ಬಂದ ಸಂಜೆಯೇ ಎಷ್ಟು ಅಂಕ ಬರುತ್ತದೆ ಎಂದು ಕೇಳುವ ಮನೆಗಳಿಗೆ ಈ ತಾಳ್ಮೆ ವಿಚಿತ್ರವಾಗಿ ಕಾಣಬಹುದು.

ಯೂರೋಪಿನ ಹಳೆಯ ಐರಿಸ್ ತಳಿಗಳ ಹೂವು ಚಿಕ್ಕದು, ಬಣ್ಣ ಚೆನ್ನ. ತುರ್ಕಿ ಮೊದಲಾದ ಪೂರ್ವದ ನಾಡುಗಳಲ್ಲಿ ದೊಡ್ಡ ಹೂವಿನ, ಎತ್ತರದ ಗಿಡಗಳಿವೆ ಎಂದು ಫಾಸ್ಟರ್ ಅವರಿಗೆ ತಿಳಿಯಿತು. ಅಲ್ಲಿದ್ದ ಪಾದ್ರಿಗಳಿಗೂ ಪರಿಚಿತರಿಗೂ ಕಾಗದ ಬರೆದು ಗಡ್ಡೆಗಳನ್ನು ತರಿಸಿಕೊಂಡರು. ಎರಡನ್ನೂ ಕೂಡಿಸಿದರೆ ದೊಡ್ಡ ಹೂವು, ಒಳ್ಳೆಯ ಬಣ್ಣ ಎರಡೂ ಒಂದೇ ಗಿಡದಲ್ಲಿ ಬರಬೇಡವೇ? ಲೆಕ್ಕ ಸರಿಯಾಗಿತ್ತು. ಗಿಡಗಳು ಮಾತ್ರ ಲೆಕ್ಕ ಕೇಳಲಿಲ್ಲ. ಎಷ್ಟೋ ಸಲ ಕಾಯಿ ಕಟ್ಟಲಿಲ್ಲ. ಕಟ್ಟಿದ ಕಾಯಿಯಲ್ಲಿ ಬೀಜ ಬೆರಳೆಣಿಕೆಯಷ್ಟು. ಆ ಬೀಜದಿಂದ ಬಂದ ಗಿಡಗಳಲ್ಲಿ ಬಹುಪಾಲು ಬಂಜೆ.

ಏಕೆ ಹೀಗೆ ಎಂಬುದು ಫಾಸ್ಟರ್ ಬದುಕಿದ್ದಾಗ ತಿಳಿಯಲಿಲ್ಲ. ಮೆಂಡೆಲ್ ಕಂಡುಕೊಂಡಿದ್ದ ಅನುವಂಶೀಯತೆಯ ನಿಯಮಗಳು ಮತ್ತೆ ಬೆಳಕಿಗೆ ಬಂದದ್ದೇ 1900ರಲ್ಲಿ. ಐರಿಸ್ ಜೀವಕೋಶದ ವರ್ಣತಂತುಗಳನ್ನು ಎಣಿಸಿ ಒಗಟು ಬಿಡಿಸುವ ಹೊತ್ತಿಗೆ ಅವರು ತೀರಿಕೊಂಡು ವರ್ಷಗಳೇ ಆಗಿದ್ದವು. ಹಳೆಯ ಯೂರೋಪಿನ ಗಿಡಕ್ಕೆ 24 ವರ್ಣತಂತು. ಪೂರ್ವದ ದೊಡ್ಡ ಗಿಡಕ್ಕೆ 48. ಮೊದಲನೆಯದು ತನ್ನ ಅರ್ಧ ಎಂದು 12 ಕೊಟ್ಟರೆ, ಎರಡನೆಯದು 24 ಕೊಡುತ್ತದೆ. ಮಗುವಿನ ಪಾಲಿಗೆ 36. ಮುಂದೆ ಈ ಮಗು ಬೀಜ ಕಟ್ಟಬೇಕಾದಾಗ 36 ತಂತುಗಳು ಜೋಡಿಯಾಗಿ ನಿಲ್ಲಲಾರವು, ಹಾಗಾಗಿ ಬೀಜವಿಲ್ಲ. ಎಲ್ಲೋ ಅಪರೂಪಕ್ಕೆ ಮೊದಲನೆಯ ಗಿಡ ಅರ್ಧ ಮಾಡುವುದನ್ನೇ ಮರೆತು 24ನ್ನೂ ಇಡಿಯಾಗಿ ಕೊಟ್ಟುಬಿಡುತ್ತದೆ. ಆಗ ಮಗುವಿಗೆ 48, ಅದು ಬಂಜೆಯಲ್ಲ. ಇಂದು ಜಗತ್ತಿನ ತೋಟಗಳಲ್ಲಿ ತಲೆಯೆತ್ತಿ ನಿಲ್ಲುವ ಎತ್ತರದ ಗಡ್ಡದ ಐರಿಸ್‌ಗಳಲ್ಲಿ ಹೆಚ್ಚಿನವು ಈ 48ರ ವಂಶದವು. ಪ್ರಕೃತಿಯ ಲೆಕ್ಕದಲ್ಲಿ ಆದ ತಪ್ಪು ತೋಟದವರ ಪಾಲಿಗೆ ವರವಾಯಿತು.

ಫಾಸ್ಟರ್ 1907ರ ಜನವರಿಯಲ್ಲಿ ತೀರಿಕೊಂಡರು. ಅವರ ಕೆಲವು ತಳಿಗಳು ಆಮೇಲೆ ಮಾರುಕಟ್ಟೆಗೆ ಬಂದವು. 'ಕಾಶ್ಮೀರ್ ವೈಟ್' ಎಂಬ ಬಿಳಿ ಹೂವು ಅವುಗಳಲ್ಲೊಂದು. ಅವರು ಬಿಟ್ಟುಹೋದ ದೊಡ್ಡ ಆಸ್ತಿ ಗಿಡಗಳಲ್ಲ, ಟಿಪ್ಪಣಿಗಳು. ಯಾವ ಗಿಡ ಎಲ್ಲಿಂದ ಬಂತು, ಹೇಗೆ ಬೆಳೆಯಿತು ಎಂದು ಬರೆದಿಟ್ಟ ವಿವರಗಳು.

ಈ ಆಸ್ತಿಗೆ ವಾರಸುದಾರರಾಗಿ ಬಂದವರೂ ಒಬ್ಬ ಮೇಷ್ಟ್ರೇ. ಗೋಡಲ್ಮಿಂಗ್ ಎಂಬ ಊರಿನ ಚಾರ್ಟರ್‌ಹೌಸ್ ಶಾಲೆಯಲ್ಲಿ 1903ರಿಂದ ಪಾಠ ಹೇಳುತ್ತಿದ್ದ ವಿಲಿಯಂ ರಿಕಟ್ಸನ್ ಡೈಕ್ಸ್. ಫಾಸ್ಟರ್ ಅವರ ಕೊನೆಯ ವರ್ಷಗಳಲ್ಲಿ ಡೈಕ್ಸ್‌ಗೆ ಅವರ ಮಾರ್ಗದರ್ಶನ ಸಿಕ್ಕಿತ್ತು. ಹಿರಿಯರ ಟಿಪ್ಪಣಿಗಳನ್ನು ಬಳಸಿಕೊಂಡು, ತಮ್ಮ ತೋಟದಲ್ಲಿ ಬೀಜದಿಂದ ಬೆಳೆಸಿ ಕಣ್ಣಾರೆ ಕಂಡದ್ದನ್ನು ಸೇರಿಸಿ, 1913ರಲ್ಲಿ ಅವರು 'ದಿ ಜೀನಸ್ ಐರಿಸ್' ಎಂಬ ದೊಡ್ಡ ಗ್ರಂಥ ಹೊರತಂದರು. ಅದರ ಬಣ್ಣದ ಚಿತ್ರಗಳನ್ನು ಬರೆದವರು ಅದೇ ಶಾಲೆಯ ಡ್ರಾಯಿಂಗ್ ಮೇಷ್ಟ್ರು ಎಫ್. ಎಚ್. ರೌಂಡ್. ತರಗತಿ ಮುಗಿಸಿ ಬಂದ ಇಬ್ಬರು ಉಪಾಧ್ಯಾಯರು, ಒಬ್ಬರ ಕೈಯಲ್ಲಿ ಭೂತಗನ್ನಡಿ, ಇನ್ನೊಬ್ಬರ ಕೈಯಲ್ಲಿ ಕುಂಚ. ಹೀಗೂ ಒಂದು ಮಹಾಗ್ರಂಥ ಹುಟ್ಟುತ್ತದೆ.

ಇಂಥ ತೋಟದಲ್ಲಿ ವಸಂತ ಎಂದರೆ ಹಬ್ಬಕ್ಕೆ ಮುಂಚಿನ ಮನೆ ಶುಚಿಮಾಡುವ ಕೆಲಸವಿದ್ದಂತೆ. ಮಾರ್ಚ್ ಬಂತೆಂದರೆ ಚಳಿಗೆ ಒಣಗಿದ ಹಳೆಯ ಎಲೆಗಳನ್ನು ಕಿತ್ತು ತೆಗೆಯಬೇಕು. ಅವುಗಳ ಅಡಿಯಲ್ಲೇ ಗೊಂಡೆಹುಳುಗಳೂ ಎಲೆಚುಕ್ಕೆ ರೋಗದ ಬೀಜಕಣಗಳೂ ಅಡಗಿರುತ್ತವೆ. ಕಳೆಯನ್ನು ಕೈಯಿಂದಲೇ ಕೀಳಬೇಕು. ಗುದ್ದಲಿ ಹಾಕಿದರೆ ಮೇಲೆಯೇ ಹರಡಿದ ಬೇರುಗಳಿಗೆ ಪೆಟ್ಟು. ಗೊಬ್ಬರ ಕೊಡುವುದಾದರೆ ಕೈ ಬಿಗಿಹಿಡಿದು ಕೊಡಬೇಕು. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬೆಳೆದು, ಗಡ್ಡೆ ಮೆತ್ತಗಾಗಿ, ಕೊಳೆಯುವ ರೋಗಕ್ಕೆ ಬಾಗಿಲು ತೆರೆದಂತಾಗುತ್ತದೆ. ಗಡ್ಡೆಯ ಮೇಲೆ ದರಗೆಲೆಯನ್ನೋ ಹುಲ್ಲನ್ನೋ ಹೊದಿಸಲೇಬಾರದು. ಇತರ ಗಿಡಗಳಿಗೆ ಬೆಚ್ಚನೆಯ ಹೊದಿಕೆಯಾದದ್ದು ಇದಕ್ಕೆ ಉಸಿರುಗಟ್ಟಿಸುವ ಕಂಬಳಿ.

ಹೊಸಬರು ಮಾಡುವ ದೊಡ್ಡ ತಪ್ಪು ಗಡ್ಡೆಯನ್ನು ಆಳದಲ್ಲಿ ಹೂಳುವುದು. ಶುಂಠಿಗೆ ಮಣ್ಣು ಏರಿಸಿದರೆ ಸುಖ. ಐರಿಸ್‌ಗೆ ಹಾಗಲ್ಲ. ಕೆರೆಯಲ್ಲಿ ಮಲಗಿದ ಎಮ್ಮೆಯ ಬೆನ್ನಿನಂತೆ ಅದರ ಮೈ ಮಣ್ಣಿನ ಮೇಲೆ ಅರ್ಧ ಕಾಣುತ್ತಿರಬೇಕು. ಅದರ ಪೂರ್ವಿಕರು ಬೇಸಗೆಯಲ್ಲಿ ಮಳೆ ಕಾಣದ ಕಲ್ಲುಗುಡ್ಡಗಳವರು. ಆ ಕಷ್ಟದ ನೆನಪು ಇಂದಿಗೂ ಮೈಯಲ್ಲಿದೆ. ಹೂ ಮುಗಿದ ಮೇಲೆ ಬಿಸಿಲಿನಲ್ಲಿ ಗಡ್ಡೆ ಚೆನ್ನಾಗಿ ಕಾದರೆ ಮಾತ್ರ ಮುಂದಿನ ವರ್ಷದ ಮೊಗ್ಗು ಒಳಗೊಳಗೇ ರೂಪುಗೊಳ್ಳುತ್ತದೆ. ಯಾವುದಾದರೂ ಗಡ್ಡೆ ಕೊಳೆತು ನಾರುತ್ತಿದ್ದರೆ, ಮೆತ್ತಗಾದ ಭಾಗವನ್ನು ಚಾಕುವಿನಿಂದ ಗಟ್ಟಿ ಭಾಗ ಸಿಗುವವರೆಗೆ ಕೆತ್ತಿ, ಗಾಯವನ್ನು ಬಿಸಿಲಿಗೆ ಬಿಡುತ್ತಾರೆ. ಎಷ್ಟೋ ಗಡ್ಡೆಗಳು ಇಷ್ಟರಿಂದಲೇ ಬದುಕಿಕೊಳ್ಳುತ್ತವೆ.

ಡೈಕ್ಸ್ 1920ರಲ್ಲಿ ಶಾಲೆ ಬಿಟ್ಟು ಲಂಡನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಕಾರ್ಯದರ್ಶಿಯಾದರು. ಐದು ವರ್ಷ ಕಳೆದಿತ್ತು. 1925ರ ಕೊನೆಯಲ್ಲಿ ಒಂದು ಮೋಟಾರು ಅಪಘಾತ. ಡೈಕ್ಸ್ ಉಳಿಯಲಿಲ್ಲ. ವಯಸ್ಸು 48. ಆ ಚಳಿಗಾಲದಲ್ಲಿ ಅವರ ತೋಟದ ಪಾತಿಗಳಲ್ಲಿ ಇನ್ನೂ ಹೂ ಬಿಡದ ಸಸಿಗಳು ಮಲಗಿದ್ದವು.

ಯಜಮಾನ ಹೋದ ಮನೆಯಲ್ಲಿ ತೋಟ ಹಾಳು ಬೀಳುವುದು ಎಲ್ಲೆಡೆ ಕಾಣುವ ಸಂಗತಿ. ಇಲ್ಲಿ ಹಾಗಾಗಲಿಲ್ಲ. ಅವರ ಪತ್ನಿ ಕ್ಯಾಥರಿನ್ ಗಂಡನ ಸಸಿಗಳನ್ನು ಕೈಬಿಡಲಿಲ್ಲ. ಮರುವರ್ಷ, 1926ರಲ್ಲಿ, ಆ ತೋಟದ ಒಂದು ದೊಡ್ಡ ಹಳದಿ ಹೂವು ಹೊರಜಗತ್ತಿಗೆ ಬಂತು. ದೊಡ್ಡ ಗಾತ್ರದ ಅಚ್ಚ ಹಳದಿ ಅಂದಿನವರೆಗೆ ಬಹು ಅಪರೂಪ. ಕ್ಯಾಥರಿನ್ ಅದಕ್ಕೆ ಗಂಡನ ಹೆಸರನ್ನೇ ಇಟ್ಟರು: 'ಡಬ್ಲ್ಯು. ಆರ್. ಡೈಕ್ಸ್'. ಎಸಳಿನ ಮೇಲೆ ಅಲ್ಲಲ್ಲಿ ನೇರಳೆ ಕಲೆ ಬೀಳುವ ದೋಷ ಅದಕ್ಕಿತ್ತು. ಆದರೂ ಮುಂದಿನ ಎಷ್ಟೋ ಹಳದಿ ಐರಿಸ್‌ಗಳ ವಂಶವೃಕ್ಷ ಹುಡುಕಿಕೊಂಡು ಹೋದರೆ ಈ ಹೂವಿನ ಬಳಿ ಬಂದು ನಿಲ್ಲಬೇಕಾಗುತ್ತದೆ.

ನಿಲ್ಲಬೇಕಾಗುತ್ತದೆ, ಏಕೆಂದರೆ ಅಲ್ಲಿಂದ ಹಿಂದಕ್ಕೆ ದಾರಿಯಿಲ್ಲ. ಆ ಹಳದಿ ಹೂವಿನ ತಂದೆತಾಯಿ ಯಾವ ಗಿಡಗಳೆಂಬುದು ದಾಖಲೆಯಲ್ಲಿಲ್ಲ. ಇಡೀ ಐರಿಸ್ ಕುಲದ ಜಾತಕ ಬರೆದ ಮೇಷ್ಟ್ರ ತೋಟದ ಅತ್ಯುತ್ತಮ ಹೂವಿಗೇ ಜಾತಕವಿಲ್ಲ! ಪ್ರಯೋಗ ಮಾಡಿದ ದಿನವೇ ರೆಕಾರ್ಡ್ ಪುಸ್ತಕ ಬರೆಯಬೇಕು ಎಂದು ಪ್ರಯೋಗಶಾಲೆಯಲ್ಲಿ ಮೇಷ್ಟ್ರು ಗದರುವುದು ಅಂಕಕ್ಕಾಗಿ ಮಾತ್ರ ಅಲ್ಲ. ನಾಳೆ ಬರೆದರಾಯಿತು ಎನ್ನುವವನಿಗೆ ನಾಳೆ ಇದ್ದೇ ಇರುತ್ತದೆ ಎಂಬ ಖಾತರಿ ಇಲ್ಲ. ಫಾಸ್ಟರ್ ಬರೆದಿಟ್ಟದ್ದು ಡೈಕ್ಸ್‌ಗೆ ದಾರಿಯಾಯಿತು. ಈ ಒಂದು ಹಳದಿ ಹೂವಿನ ವಿಷಯ ಮಾತ್ರ ಕತ್ತಲಲ್ಲೇ ಉಳಿಯಿತು.

ಡೈಕ್ಸ್ ನೆನಪಿನಲ್ಲಿ ಇಂಗ್ಲೆಂಡಿನ ಐರಿಸ್ ಸಂಘ ಒಂದು ಪದಕ ಸ್ಥಾಪಿಸಿತು. 1927ರಿಂದ ಕೊಡುತ್ತ ಬಂದ 'ಡೈಕ್ಸ್ ಪದಕ' ಇಂದಿಗೂ ಐರಿಸ್ ತಳಿಗಾರರಿಗೆ ಸಲ್ಲುವ ಅತಿ ದೊಡ್ಡ ಮರ್ಯಾದೆ. ಅಮೆರಿಕದಲ್ಲಿ ಆ ವರ್ಷ ಪದಕ ಪಡೆದ 'ಸ್ಯಾನ್‌ಫ್ರಾನ್ಸಿಸ್ಕೊ' ಎಂಬ ಹೂವಿನ ಕಥೆಯೂ ಇಂಥದ್ದೇ. ಅದನ್ನು ಬರಿಸಿದ ವಿಲಿಯಂ ಮೋರ್ 1923ರಲ್ಲೇ ತೀರಿಕೊಂಡಿದ್ದರು. ಗೆಳೆಯ ಸಿಡ್ನಿ ಮಿಚೆಲ್ ಸಸಿಗಳನ್ನು ಕಾಪಾಡಿ ಹೊರತಂದರು. ಇತ್ತ ಇಂಗ್ಲೆಂಡಿನಲ್ಲಿ 1931ರ ಪದಕ 'ಗುಡ್ರುನ್' ಎಂಬ ಬಿಳಿ ಹೂವಿಗೆ ಸಂದಿತು. ಅದನ್ನು ಬೆಳೆಸಿದವರು ಕ್ಯಾಥರಿನ್. ಗಂಡನ ಹೆಸರಿನ ಪದಕವನ್ನು ಹೆಂಡತಿ ತನ್ನ ಸ್ವಂತ ದುಡಿಮೆಯಿಂದ ಗೆದ್ದಿದ್ದರು. ಎರಡು ವರ್ಷದ ಬಳಿಕ, 1933ರಲ್ಲಿ, ಅವರೂ ಒಂದು ರೈಲು ಅಪಘಾತದಲ್ಲಿ ತೀರಿಕೊಂಡರು. ಹೂವು ಉಳಿಯಿತು.

ಐರಿಸ್ ಗಡ್ಡೆಯ ಒಂದು ಗುಣ ಬಾಳೆಯನ್ನು ಬಲ್ಲವರಿಗೆ ಬೇಗ ಅರ್ಥವಾದೀತು. ಗೊನೆ ಕೊಟ್ಟ ಬಾಳೆ ಮತ್ತೆ ಗೊನೆ ಬಿಡುವುದಿಲ್ಲ. ಅದರ ಬುಡದ ಮರಿ ಬೆಳೆದು ಬಿಡುತ್ತದೆ. ಐರಿಸ್‌ನಲ್ಲೂ ಒಂದು ಗಡ್ಡೆ ಹೂ ಬಿಡುವುದು ಒಂದೇ ಸಲ. ಅಷ್ಟರಲ್ಲಿ ಅದರ ಪಕ್ಕೆಗಳಿಂದ ಮರಿಗಡ್ಡೆಗಳು ಹೊರಟಿರುತ್ತವೆ. ಮುಂದಿನ ವಸಂತ ಅವುಗಳದ್ದು. ಮೂರು ನಾಲ್ಕು ವರ್ಷಕ್ಕೆ ಮರಿಗಳು ಒಂದರ ಮೇಲೊಂದು ಹತ್ತಿ, ಗಾಳಿ ಬಿಸಿಲಿಲ್ಲದೆ ಹೂವು ಕಡಿಮೆಯಾಗುತ್ತದೆ. ಹೂ ಮುಗಿದ ಮೇಲೆ, ಬೇಸಗೆಯ ನಡುವೆ, ಇಡೀ ಬುಡವನ್ನು ಅಗೆದು ತೆಗೆಯಬೇಕು. ಬರಿದಾದ ತಾಯಿಗಡ್ಡೆಯನ್ನು ಬದಿಗಿಟ್ಟು, ಮರಿಗಳನ್ನು ಚಾಕುವಿನಿಂದ ಬೇರ್ಪಡಿಸಿ, ಎಲೆಗಳನ್ನು ಬೀಸಣಿಗೆಯಾಕಾರಕ್ಕೆ ಮೊಟಕುಮಾಡಿ, ಒಂದೊಂದಕ್ಕೂ ಅಡಿಯಷ್ಟು ಜಾಗ ಬಿಟ್ಟು ನೆಡಬೇಕು. ನೋಡುವವರಿಗೆ ಕ್ರೌರ್ಯ ಎನಿಸುತ್ತದೆ. ಹಾಗೆ ಮಾಡದಿದ್ದರೆ ತಾಯಿಯ ನೆರಳಿನಲ್ಲೇ ಮರಿಗಳು ಸೊರಗುತ್ತವೆ.

ಮಕ್ಕಳನ್ನು ಹಾಸ್ಟೆಲಿಗೆ ಬಿಟ್ಟು ಬಸ್ಸು ಹತ್ತುವ ತಂದೆತಾಯಿಗೆ ಈ ಚಾಕುವಿನ ಹರಿತ ಗೊತ್ತು. ನೆಟ್ಟ ಮೊದಲ ವರ್ಷ ಮರಿಗಡ್ಡೆ ಹೂ ಬಿಡದಿರಬಹುದು. ಗಾಬರಿಯಾಗಿ ನೀರು ಸುರಿದರೆ, ಗೊಬ್ಬರ ತುಂಬಿದರೆ ಕೊಳೆಯುತ್ತದೆ. ಬಿಸಿಲು ಬೀಳಲು ಬಿಟ್ಟು, ಕಳೆ ಕಿತ್ತು, ಕಾದಿದ್ದರೆ ಸಾಕು. ಒಂದು ಚಳಿಗಾಲವನ್ನು ಅದು ತಾನೇ ಕಳೆಯಬೇಕು.