ಜೊತೆಗೆ ಯಾರೂ ಬೇಡ

ಮೈಸೂರು
ಏಪ್ರಿಲ್ 4, 2024, ಗುರುವಾರ

ಸಂಜೆ ಎದುರು ಸಾಲಿನ ಟೈಲರ್ ಹುಡುಗಿ ನನ್ನ ಔಷಧಿ ಅಂಗಡಿಗೆ ಬಂದಿದ್ದಳು. ಸೀರೆಗೆ ಫಾಲ್ಸ್ ಹಚ್ಚುವುದರಲ್ಲಿ, ಬ್ಲೌಸ್ ಹೊಲಿಯುವುದರಲ್ಲಿ ಈ ಬೀದಿಯಲ್ಲೇ ಅವಳ ಕೈ ಎತ್ತಿದ ಕೈ. ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಎಂದಿನಂತೆ ಮಗನನ್ನು ಕರೆದುಕೊಂಡು ಬಂದಿದ್ದಳು, ನಾಲ್ಕನೇ ಕ್ಲಾಸಿನ ಹುಡುಗ. ಅವಳು ಸನ್ನೆಯಲ್ಲಿ ಏನೋ ಹೇಳಿದಳು. ಹುಡುಗ ನೆಲ ನೋಡಿದ. ಇನ್ನೊಮ್ಮೆ ಹೇಳಿದಳು. ಕೌಂಟರಿನ ಮುಂದೆ ಇನ್ನೂ ಮೂವರು ನಿಂತಿದ್ದರು. ಅವನು ಮೆಲ್ಲಗೆ, "ಆಂಟಿ, ಅಮ್ಮಂಗೆ ಒನ್ನಕ್ಕೆ ಹೋಗುವಾಗ ಉರಿಯತ್ತಂತೆ" ಅಂದ. ಮುಖವೆಲ್ಲ ಕೆಂಪಾಗಿತ್ತು.

ಡಾಕ್ಟರಿಗೆ ತೋರಿಸಲೇಬೇಕು, ಚೀಟಿ ಇಲ್ಲದೆ ಇದಕ್ಕೆ ನಾನು ಮಾತ್ರೆ ಕೊಡುವ ಹಾಗಿಲ್ಲ ಎಂದು ಹೇಳಿ ಕಳಿಸಿದೆ. ಅಲ್ಲಿಗೂ ಅದೇ ಹುಡುಗ ಹೋಗಬೇಕು. ಎಷ್ಟು ದಿನದಿಂದ, ಜ್ವರ ಇದೆಯೇ, ಮುಟ್ಟು ಸರಿಯಾಗಿದೆಯೇ, ಬಸಿರೇ ಎಂದು ಅವರು ಕೇಳುವುದನ್ನೆಲ್ಲ ತಾಯಿಗೆ ದಾಟಿಸಿ, ಅವಳ ಉತ್ತರವನ್ನು ಅವರಿಗೆ ದಾಟಿಸಬೇಕು. ಮಗ ಬೇಡವೆಂದರೆ ಅತ್ತೆ. ಅತ್ತೆಗೆ ಗೊತ್ತಾಗಿದ್ದು ಮನೆಗೆಲ್ಲ ಗೊತ್ತು. ಮೈಯ ಒಂದು ತೊಂದರೆಯನ್ನು ತನ್ನಲ್ಲೇ ಇಟ್ಟುಕೊಳ್ಳುವ ಹಕ್ಕು ಈ ಹೆಂಗಸಿಗೆ ಇಲ್ಲ. ಅವಳ ಭಾಷೆ ಕೌಂಟರಿನ ಈಚೆ ನಿಂತ ನಮಗ್ಯಾರಿಗೂ ಬಾರದಿರುವುದೇ ಕಾರಣ.

ಏಪ್ರಿಲ್ 11, ಗುರುವಾರ

ಯುಗಾದಿಯ ಗಡಿಬಿಡಿಯಲ್ಲಿ ಓದದೆ ಉಳಿದಿದ್ದ ಪತ್ರಿಕೆಗಳನ್ನು ಇವತ್ತು ನೋಡಿದೆ. ಸಾರಾ ಸನ್ನಿ ಎಂಬ ಬೆಂಗಳೂರಿನ ವಕೀಲೆ ನಮ್ಮ ಹೈಕೋರ್ಟಿನಲ್ಲಿ ಸನ್ನೆ ಭಾಷೆಯಲ್ಲಿ ವಾದ ಮಂಡಿಸಿದ್ದಾರೆ. ನ್ಯಾಯಮೂರ್ತಿ ನಾಗಪ್ರಸನ್ನ ಅವರ ಪೀಠ. ದುಭಾಷಿ ಪಕ್ಕದಲ್ಲಿ ನಿಂತು ದನಿ ಕೊಟ್ಟರಂತೆ. ಕಳೆದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲೂ ಇವರು ದುಭಾಷಿಯ ಮೂಲಕ ಹಾಜರಾಗಿದ್ದರು. ಓದಿ ಬಹಳ ಸಂತೋಷವಾಯಿತು, ಪುಟವನ್ನು ಕತ್ತರಿಸಿ ಇಟ್ಟಿದ್ದೇನೆ.

ಕೋರ್ಟಿಗೆ ದುಭಾಷಿ ಬರುತ್ತಾರೆ, ಬರಲೇಬೇಕು. ಆದರೆ ಒಂದು ಸ್ಟ್ರಿಪ್ ಮಾತ್ರೆ ಕೊಳ್ಳಲು, ತರಕಾರಿ ಅಂಗಡಿಯಲ್ಲಿ ಚಿಲ್ಲರೆ ಕೇಳಲು, ಬಸ್ಸು ಎಲ್ಲಿ ಕೆಟ್ಟು ನಿಂತಿದೆ ಎಂದು ತಿಳಿಯಲು ಯಾರು ದುಭಾಷಿಯನ್ನು ಕರೆಸುತ್ತಾರೆ? 2011ರ ಜನಗಣತಿಯ ಪ್ರಕಾರವೇ ಕಿವಿ ಕೇಳಿಸದವರು ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು. ದಿನದ ಸಣ್ಣಪುಟ್ಟ ವ್ಯವಹಾರವನ್ನು ಅಂಗಡಿಯವರು, ಕಂಡಕ್ಟರು, ನರ್ಸು, ಪಕ್ಕದ ಮನೆಯವರೇ ಕಲಿತು ನಡೆಸಬೇಕು.

ಏಪ್ರಿಲ್ 20, ಶನಿವಾರ

ಊಟಕ್ಕೆ ಕೂತಾಗ ನಮ್ಮ ಯಜಮಾನರೊಂದಿಗೆ ಇದೇ ಮಾತು. "ಮೊಬೈಲಲ್ಲಿ ಟೈಪ್ ಮಾಡಿ ತೋರಿಸಿದ್ರೆ ಆಯ್ತಪ್ಪ. ಇಲ್ಲಾ ತುಟಿ ನೋಡಿ ಅರ್ಥ ಮಾಡ್ಕೋತಾರೆ" ಅಂದರು. ಕನ್ನಡಿಯ ಮುಂದೆ ಕರೆದುಕೊಂಡು ಹೋಗಿ, ದನಿ ಇಲ್ಲದೆ ಬರೀ ತುಟಿಯಲ್ಲಿ 'ಮಾವ' ಅನ್ನಿ, ಆಮೇಲೆ 'ಭಾವ' ಅನ್ನಿ ಎಂದೆ. ಎರಡೂ ಒಂದೇ ಥರ ಕಂಡವು. ಪ, ಬ, ಮ ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. ಕ, ಗ ಗಂಟಲಿನ ಹತ್ತಿರವೇ ಹುಟ್ಟುವುದರಿಂದ ಕಣ್ಣಿಗೆ ಬೀಳುವುದೇ ಇಲ್ಲ. ಉಳಿದದ್ದನ್ನೆಲ್ಲ ಊಹಿಸಿಕೊಳ್ಳಬೇಕು. ಕೊರೋನಾ ಕಾಲದ ಮಾಸ್ಕಿನ ಹಿಂದೆ ಆ ಊಹೆಗೂ ದಾರಿ ಇರಲಿಲ್ಲ.

ಇನ್ನು ಬರೆದು ತೋರಿಸುವುದು. ಕೇಳುವ ಮಗು ಮೊದಲು ಕನ್ನಡವನ್ನು ಕಿವಿಯಲ್ಲಿ ತುಂಬಿಕೊಂಡು ಆಮೇಲೆ ಅಕ್ಷರ ಕಲಿಯುತ್ತದೆ. ಕೇಳಿಸದ ಮಗುವಿಗೆ, ತನಗೆ ಕೇಳದ ಮಾತಿನಲ್ಲೇ ಪಾಠ ಮಾಡಿ ಅಕ್ಷರ ತಿದ್ದಿಸುತ್ತೇವೆ. ಚೆನ್ನಾಗಿ ಓದಿ ಬರೆಯುವವರು ಇದ್ದಾರೆ, ಆದರೆ ಶಾಲೆ ಮುಗಿಸಿಯೂ ಓದಿದ್ದು ಅರ್ಥವಾಗದೆ ಒದ್ದಾಡುವವರು ಬಹಳ. 1–0–1 ಎಂದು ಬರೆದುಕೊಟ್ಟರೆ ಯಾರಿಗಾದರೂ ತಿಳಿಯುತ್ತದೆ. 'ಮೈಮೇಲೆ ಗಂಧೆ ಎದ್ದರೆ ತಕ್ಷಣ ನಿಲ್ಲಿಸಿ, ಉಳಿದ ಮಾತ್ರೆ ತೆಗೆದುಕೊಳ್ಳದೆ ಡಾಕ್ಟರನ್ನು ಕಾಣಿ' ಎಂಬುದನ್ನು ಯಾವ ಸೊನ್ನೆಯಲ್ಲಿ ಬರೆಯಲಿ? ಜೀವಕ್ಕೆ ಬೇಕಾದ ಮಾತು ಇದೇ.

ಮೇ 12, ಭಾನುವಾರ

ಟೈಲರ್ ಹುಡುಗಿ ನನಗೆ ಸನ್ನೆ ಭಾಷೆಯ ಪಾಠ ಹೇಳಲು ಒಪ್ಪಿದ್ದಾಳೆ. ದುಡ್ಡು ಬೇಡವೆಂದು ಕೈ ಆಡಿಸಿದಳು, ನಾನು ಕೇಳಲಿಲ್ಲ. ಸಂಗೀತ ಪಾಠಕ್ಕೆ ಕೊಡುತ್ತೇವೆ, ಇದಕ್ಕೇಕೆ ಇಲ್ಲ?

ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರದ ನಿಘಂಟು ಸಿಕ್ಕಿತು. ಪುಸ್ತಕವಲ್ಲ, ವಿಡಿಯೋ. 2018ರಲ್ಲಿ 3,000 ಪದ ಇದ್ದದ್ದು 2021ರ ಹೊತ್ತಿಗೆ 10,000 ಆಗಿದೆ. ಪುಕ್ಕಟೆ. ಅದರಲ್ಲಿ ನೋಡಿ ಕಲಿತದ್ದನ್ನು ಅವಳ ಮುಂದೆ ಒಪ್ಪಿಸುತ್ತೇನೆ. ಅವಳು ಹೆಚ್ಚು ತಿದ್ದುವುದು ನನ್ನ ಮುಖವನ್ನು! ಪ್ರಶ್ನೆ ಕೇಳುವಾಗ ಹುಬ್ಬು ಸುಮ್ಮನಿದ್ದರೆ ಅದು ಪ್ರಶ್ನೆಯೇ ಆಗುವುದಿಲ್ಲ. ನೋವು ಸ್ವಲ್ಪವೋ ತಡೆಯಲಾರದ್ದೋ ಎಂಬುದನ್ನೂ ಮುಖವೇ ಹೇಳಬೇಕು. ಕನ್ನಡದವರಿಗೆ ಒಂದು ಅನುಕೂಲವಿದೆ. ನಾವು 'ನಿಮ್ಮ ಹೆಸರೇನು' ಎಂದು 'ಏನು' ಕೊನೆಗಿಡುವ ಹಾಗೆ ಈ ಭಾಷೆಯಲ್ಲೂ ಏನು, ಎಲ್ಲಿ, ಯಾವಾಗ ಎಲ್ಲ ವಾಕ್ಯದ ತುದಿಗೇ ಬರುತ್ತವೆ.

ಊರೂರಿಗೆ ಬೇರೆ ಸನ್ನೆ, ಕಲಿತು ಏನು ಉಪಯೋಗ ಎಂದು ಕೇಳುವವರಿದ್ದಾರೆ. ಮದನ್ ವಸಿಷ್ಠ ಎಂಬುವರು ಹಿಮಾಚಲದ ಹಳ್ಳಿಯಲ್ಲಿ 11ನೇ ವಯಸ್ಸಿಗೆ ಕೇಳುವ ಶಕ್ತಿ ಕಳೆದುಕೊಂಡು, ಮುಂದೆ ಅಮೆರಿಕದಲ್ಲಿ ಓದಿ ವಿದ್ವಾಂಸರಾದವರು. 1970ರ ದಶಕದ ಕೊನೆಯಲ್ಲಿ ಅವರೂ ಅವರ ಸಂಗಡಿಗರೂ ದೆಹಲಿ, ಮುಂಬೈ, ಕಲ್ಕತ್ತಾ, ನಮ್ಮ ಬೆಂಗಳೂರು ಈ ನಾಲ್ಕೂ ಕಡೆಯ ಸನ್ನೆಗಳನ್ನು ಹೋಲಿಸಿ ನೋಡಿದರು. ಹೆಚ್ಚಿನ ಪಾಲು ಒಂದಕ್ಕೊಂದು ನಂಟಿನವೇ ಎಂದು ಕಂಡುಬಂತು. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ.

ಜೂನ್ 28, ಶುಕ್ರವಾರ

ನಮ್ಮೂರಿನ ವಾಕ್ ಶ್ರವಣ ಸಂಸ್ಥೆಗೆ ಕಿವಿ ಕೇಳಿಸದ ಮಗುವನ್ನು ತೋರಿಸಲು ರಾಯಚೂರಿನಿಂದ ಬಂದಿದ್ದ ತಾಯಿಯೊಬ್ಬಳು ಕಿವಿಯ ಮಿಷನ್ನಿನ ಬ್ಯಾಟರಿ ಕೇಳಿಕೊಂಡು ಬಂದಳು. "ಸನ್ನಿ ಮಾಡಿದ್ರ ಕೂಸು ಮಾತು ಕಲಿಯಂಗಿಲ್ಲಂತರೀ, ನಾವು ಕೈ ಕಟ್ಕೊಂಡೇ ಮಾತಾಡ್ತೀವ್ರಿ" ಅಂದಳು. ಅವರೂರಲ್ಲಿ ಯಾರೋ ಹೇಳಿದ್ದಂತೆ. ಹೊಟ್ಟೆ ಉರಿಯಿತು.

ಇದು ಹಳೆಯ ಕಾಯಿಲೆ. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ಕಿವುಡ ಮಕ್ಕಳ ಶಿಕ್ಷಕರೆಲ್ಲ ಸೇರಿ, ಶಾಲೆಯಲ್ಲಿ ಬಾಯಿಮಾತೇ ಇರಲಿ, ಸನ್ನೆ ಬೇಡ ಎಂದು ನಿರ್ಣಯ ಮಾಡಿದರು. ಅಲ್ಲಿ ಓಟು ಹಾಕಿದವರು ಹೆಚ್ಚುಕಡಿಮೆ ಎಲ್ಲರೂ ಕೇಳುವವರೇ. ಎಷ್ಟೋ ದೇಶಗಳಲ್ಲಿ ಮಕ್ಕಳ ಕೈ ಕಟ್ಟಿಸಿದ ಆ ನಿರ್ಣಯಕ್ಕೆ ಅದೇ ಸರಣಿಯ ಸಮ್ಮೇಳನ ವಿಷಾದ ಸೂಚಿಸಿದ್ದು 2010ರಲ್ಲಿ, ವ್ಯಾಂಕೂವರಿನಲ್ಲಿ.

ಮಿಷನ್ ಬೇಡವೆಂದು ನಾನು ಹೇಳಲಿಲ್ಲ. ಮಗುವಿಗೆ ಹಾಕಿಸಲಿ, ಮಾತೂ ಬರಲಿ. ಆದರೆ ಸ್ನಾನಕ್ಕೆ, ನಿದ್ದೆಗೆ ಅದನ್ನು ತೆಗೆದಿಡಬೇಕು. ಬ್ಯಾಟರಿ ಮುಗಿದರೆ ಅದೂ ಮೌನ. ರಾತ್ರಿ ಜ್ವರ ಬಂದಾಗ 'ಎಲ್ಲಿ ನೋವು' ಎಂದು ಕೇಳಲು ಅಮ್ಮನ ಕೈ ಬೇಕಲ್ಲ? ಆ ಸನ್ನೆಯನ್ನೂ 'ನೀರು', 'ಊಟ' ಎಂಬವನ್ನೂ ತೋರಿಸಿಕೊಟ್ಟೆ. ಮಗು ನನ್ನ ಕೈಯನ್ನೇ ನೋಡಿ ಮೂರನ್ನೂ ಮಾಡಿತು, ತಾಯಿಗಿಂತ ಮುಂಚೆ.

ಸೆಪ್ಟೆಂಬರ್ 23, ಸೋಮವಾರ

ಇವತ್ತು ವಿಶ್ವ ಸನ್ನೆ ಭಾಷೆಗಳ ದಿನ. ವಿಶ್ವ ಕಿವುಡರ ಒಕ್ಕೂಟ 1951ರಲ್ಲಿ ಹುಟ್ಟಿದ ದಿನವೂ ಹೌದು. ಬೇಕೆಂದೇ ಇವತ್ತು ನಮ್ಮ ಔಷಧಿ ಅಂಗಡಿಯವರ ಸಭೆಯಲ್ಲಿ ವಿಷಯ ಎತ್ತಿದೆ. ಪ್ರತಿ ಅಂಗಡಿಯಲ್ಲಿ ಒಬ್ಬರಾದರೂ ಮೈಯ ಭಾಗಗಳು, ನೋವು, ಉರಿ, ಜ್ವರ, ಬಸಿರು, ಸಕ್ಕರೆ ಕಾಯಿಲೆ, ಅಲರ್ಜಿ, ಊಟಕ್ಕೆ ಮುಂಚೆ, ಊಟ ಆದಮೇಲೆ, ನಿಲ್ಲಿಸಿ, ಬೇಗ ಆಸ್ಪತ್ರೆಗೆ ಹೋಗಿ, ಇಷ್ಟನ್ನು ಕಲಿಯಲಿ ಎಂದು ಕೇಳಿದೆ.

ಒಬ್ಬರು ಹಿರಿಯರು, "ನಮ್ಮಲ್ಲಿಗೆ ಅಂಥೋರು ಬರೋದೇ ಇಲ್ವಲ್ಲಮ್ಮ" ಅಂದರು. "ಬರ್ತಾರೆ ಸಾರ್, ಅವರ ಬದಲು ಮಕ್ಕಳು ಬಂದು ಚೀಟಿ ಕೊಡ್ತಾರೆ, ಹಾಗಾಗಿ ನಮಗೆ ಗೊತ್ತಾಗೋದಿಲ್ಲ" ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ, ಕಲಿಸುವವರು ಯಾರು ಎಂದು ಕೇಳಿದರು.

ಕಿವುಡರೇ ಕಲಿಸಬೇಕು, ಸಂಬಳ ಕೊಟ್ಟು ಕರೆಸಬೇಕು, ಈ ಎರಡನ್ನು ಮಾತ್ರ ಬಿಟ್ಟುಕೊಡುವುದಿಲ್ಲ ಎಂದೆ. ತಿಂಗಳಿಗೆ ಎರಡು ಭಾನುವಾರ ಎಂದು ಒಪ್ಪಿದ್ದಾರೆ. ಸಂಬಳ ಎಷ್ಟು ಎಂಬುದು ಮುಂದಿನ ಸಭೆಗೆ ಹೋಗಿದೆ. ಅಷ್ಟರೊಳಗೆ ಟೈಲರ್ ಹುಡುಗಿಯನ್ನು ಕೇಳಿ, ಅವಳು ಹೇಳಿದ ಮೊತ್ತವನ್ನೇ ಬರೆದುಕೊಂಡು ಹೋಗಬೇಕು.