ನಮ್ಮನೆ, ಬಿ ಖಾತಾ

ಅಮ್ಮನ ಕಬ್ಬಿಣದ ಟ್ರಂಕಿನ ತಳದಲ್ಲಿ ಒಂದು ಹಳದಿ ಬಟ್ಟೆ ಚೀಲ ಇದೆ. ಯಾರದೋ ಮದುವೆಯಲ್ಲಿ ತೆಂಗಿನಕಾಯಿ ಹಾಕಿ ಕೊಟ್ಟಿದ್ದ ಚೀಲ. ನಮ್ಮ ಮನೆಯ ಕಾಗದ ಪತ್ರಗಳೆಲ್ಲ ಅದರೊಳಗೇ ಇರೋದು. 2025ರ ನವೆಂಬರ್‌ನ ಒಂದು ಭಾನುವಾರ ಅದನ್ನೆಲ್ಲ ಚಾಪೆ ಮೇಲೆ ಹರಡಿಕೊಂಡು ಕೂತಿದ್ದೆ. ಬಿ ಖಾತಾನ ಎ ಖಾತಾ ಮಾಡಿಸಿಕೊಳ್ಳಬಹುದು ಅಂತ ಸರ್ಕಾರ ಹೇಳಿತ್ತಲ್ಲ, ಆ ಅರ್ಜಿಗೆ.

ಅಪ್ಪ ಬೊಮ್ಮನಹಳ್ಳಿ ಕಡೆ ಒಂದು ಸಣ್ಣ ವರ್ಕ್‌ಶಾಪ್‌ನಲ್ಲಿ ಲೇತ್ ಕೆಲಸ ಮಾಡ್ತಿದ್ರು. 1994ರಲ್ಲಿ ಅಲ್ಲೇ ಹತ್ತಿರ ಒಬ್ಬ ರೈತರಿಂದ ಮೂವತ್ತು ನಲವತ್ತರ ಸೈಟು ತಗೊಂಡ್ರು. ರೆವಿನ್ಯೂ ಸೈಟು. ಅಂದ್ರೆ ಹೊಲಕ್ಕೆ ಕಲ್ಲು ನೆಟ್ಟು ಸೈಟು ಮಾಡಿದ್ದು. ಭೂ ಪರಿವರ್ತನೆ ಇಲ್ಲ, ಲೇಔಟ್ ಮಂಜೂರಾತಿ ಇಲ್ಲ, ಪಾರ್ಕಿಗೆ ಅಂತ ಒಂದು ಅಡಿ ಬಿಟ್ಟಿಲ್ಲ. ಅಪ್ಪನಿಗೆ ಇದು ಗೊತ್ತಿತ್ತು. ಬಿಡಿಎ ಸೈಟಿಗೆ ಕಾಯುವಷ್ಟು ಆಯಸ್ಸು ತಮಗಿಲ್ಲ ಅಂತಲೂ ಗೊತ್ತಿತ್ತು :)

ಆ ಮನೆ ಇದ್ದ ಜಾಗದಲ್ಲೇ ಇದೆ. ನಾವೂ ಅಲ್ಲೇ ಇದ್ದೀವಿ. ಆದರೆ ಮೊದಲು ಪಂಚಾಯ್ತಿಯವರಾಗಿದ್ದೆವು, ಆಮೇಲೆ ಬೊಮ್ಮನಹಳ್ಳಿ ನಗರಸಭೆಯವರಾದೆವು. 2007ರಲ್ಲಿ 7 ನಗರಸಭೆ, ಒಂದು ಪುರಸಭೆ, 110 ಹಳ್ಳಿ ಎಲ್ಲವನ್ನೂ ಸೇರಿಸಿ ಬಿಬಿಎಂಪಿ ಮಾಡಿದಾಗ ಮಹಾನಗರದವರಾದೆವು. 2025ರ ಸೆಪ್ಟೆಂಬರ್ 2ಕ್ಕೆ ಅದನ್ನೂ ಒಡೆದು ಐದು ಪಾಲಿಕೆ ಮಾಡಿದರು. ಈಗ ನಾವು ಬೆಂಗಳೂರು ದಕ್ಷಿಣ ನಗರ ಪಾಲಿಕೆ. ಬೆಂಗಳೂರು ದಕ್ಷಿಣ ಅಂತ ಲೋಕಸಭಾ ಕ್ಷೇತ್ರ ಬೇರೆ ಇದೆ, ತಾಲ್ಲೂಕು ಇದೆ. ಅದು ಸಾಲದು ಅಂತ ಅದೇ ವರ್ಷ ರಾಮನಗರ ಜಿಲ್ಲೆಗೂ ಅದೇ ಹೆಸರಿಟ್ಟರು. ಪೋಸ್ಟ್‌ಮ್ಯಾನ್ ಗತಿ ದೇವರೇ ಗತಿ.

ಮಹಾನಗರದವರಾದ ಮೇಲೆ ನಮಗೆ ಸಿಕ್ಕಿದ್ದು ಬಿ ಖಾತಾ. 1976ರ ಮುನಿಸಿಪಲ್ ಕಾರ್ಪೊರೇಷನ್ ಕಾಯ್ದೆಯಲ್ಲಿ 108ಎ ಅಂತ ಒಂದು ಕಲಂ ಇದೆ. ಕಾನೂನುಬಾಹಿರ ಕಟ್ಟಡಗಳಿಂದಲೂ ತೆರಿಗೆ ವಸೂಲು ಮಾಡಬಹುದು, ಆದರೆ ತೆರಿಗೆ ಕಟ್ಟಿದ ಮಾತ್ರಕ್ಕೆ ಅದು ಸಕ್ರಮ ಆಗಲ್ಲ ಅನ್ನೋ ಅರ್ಥದ್ದು. ಅಂಥವರಿಗೆಲ್ಲ ಬೇರೆ ಪುಸ್ತಕ, ಅದೇ ಬಿ ರಿಜಿಸ್ಟರ್. ಅಪ್ಪ ನಗರಸಭೆಗೆ ಸುಧಾರಣಾ ಶುಲ್ಕ ಕಟ್ಟಿದ್ದ ರಸೀದಿ ಹಳದಿ ಚೀಲದಲ್ಲಿ ಇನ್ನೂ ಇದೆ. ಅವರಿಗೆ ಬೇಜಾರಾಗಿದ್ದು ಕಾನೂನಿನ ಬಗ್ಗೆ ಅಲ್ಲ, ಅಕ್ಷರದ ಬಗ್ಗೆ. "ಸ್ಕೂಲಲ್ಲಿ ಬಿ ಸೆಕ್ಷನ್‌ಗೆ ಹಾಕ್ದಂಗೆ ಹಾಕವ್ರೆ" ಅಂತಿದ್ರು.

ಆ ಅಕ್ಷರದ ಬೆಲೆ ಗೊತ್ತಾಗಿದ್ದು 2010ರಲ್ಲಿ, ತಂಗಿ ಮದುವೆ ಗೊತ್ತಾದಾಗ. ಮನೆ ಮೇಲೆ ಲೋನ್ ಕೇಳೋಕೆ ಅಪ್ಪ ಒಂದು ಬ್ಯಾಂಕಿಗೆ ಹೋದ್ರು, ಜೊತೆಗೆ ನಾನೂ. ಮ್ಯಾನೇಜರ್ ಒಳ್ಳೆಯವರೇ. ಕಾಗದ ನೋಡಿ, ಕಾಫಿ ತರಿಸಿ, "ಬಿ ಖಾತಾಗೆ ಆಗಲ್ಲ ಯಜಮಾನ್ರೆ" ಅಂದ್ರು. ಕೊನೆಗೆ ಪರಿಚಯದವರ ಹತ್ತಿರ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿದೆವು. ತಿಂಗಳಿಗೆ ನೂರಕ್ಕೆ ಮೂರು. ಬಡ್ಡಿ ಕಟ್ಟಿ ಕಟ್ಟಿ ಸಾಕಾಗಿ 2012ರಲ್ಲಿ ಚೀಟಿ ಎತ್ತಿ ಎರಡನೇ ಮಹಡಿ ಕಟ್ಟಿದೆವು. ಅದನ್ನು ಭೋಗ್ಯಕ್ಕೆ ಕೊಟ್ಟು, ಬಂದ ಇಡುಗಂಟಿನಲ್ಲಿ ಸಾಲ ತೀರಿಸಿದೆವು. ಪ್ಲ್ಯಾನ್ ಮಂಜೂರಾತಿ ಇಲ್ಲ, ಸೆಟ್‌ಬ್ಯಾಕ್ ಇಲ್ಲ. ಕೆಳಗಿನ ಗೋಡೆ ಎಲ್ಲಿತ್ತೋ ಅಲ್ಲಿಂದಲೇ ಮೇಲಕ್ಕೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಬರೀ ನಮ್ಮ ಗೋಳಾಗುತ್ತೆ. ಆ ಗೋಡೆ ಎದ್ದಾಗ ಪಕ್ಕದ ಮನೆ ಆಂಟಿಯ ಅಡುಗೆಮನೆ ಕಿಟಕಿಗೆ ಬೆಳಕು ನಿಂತುಹೋಯ್ತು. ಅವರೂ ಜಾಗ ಬಿಟ್ಟಿರಲಿಲ್ಲ, ನಾವೂ ಬಿಟ್ಟಿರಲಿಲ್ಲ, ಆದರೆ ಅಲ್ಲಿವರೆಗೂ ನಮ್ಮ ಮೊದಲ ಮಹಡಿಯ ತಾರಸಿ ಮೇಲಿಂದ ಬಿಸಿಲು ಬೀಳ್ತಿತ್ತು. ಅವರು ಜಗಳ ಆಡಲಿಲ್ಲ. ಒಂದು ದಿನ ಅಮ್ಮನ ಹತ್ತಿರ, "ಈಗ ಹಗಲೊತ್ತೂ ಲೈಟ್ ಹಾಕ್ಕೋಬೇಕು ಕಣ್ರೀ" ಅಂದ್ರಂತೆ, ಅಷ್ಟೇ. ಬ್ಯಾಂಕ್ ಲೋನ್ ಸಿಕ್ಕಿದ್ದರೆ ಆ ಮಹಡಿ ಕಟ್ಟುತ್ತಲೇ ಇರಲಿಲ್ಲ ಅಂತ ನಾನು ನನಗೇ ಎಷ್ಟೋ ಸಲ ಹೇಳ್ಕೊಂಡಿದ್ದೀನಿ. ಪೂರ್ತಿ ನಿಜ ಅಲ್ಲ. ಬೀದಿಯಲ್ಲಿ ಎಲ್ಲರೂ ಕಟ್ಟಿದ್ದರು, ನಾವೂ ಕಟ್ಟುತ್ತಿದ್ದೆವೋ ಏನೋ.

ಅಪ್ಪನ ನಂಬಿಕೆಯೆಲ್ಲ ಅಕ್ರಮ-ಸಕ್ರಮದ ಮೇಲೆ. 2007ರಲ್ಲಿ ನಿಯಮ ಬಂದಾಗ ಅರ್ಜಿ ನಮೂನೆ ತಂದಿಟ್ಟುಕೊಂಡರು, ಅದು ನಿಂತುಹೋಯ್ತು. 2014ರಲ್ಲಿ ಮತ್ತೆ ನಿಯಮ ಮಾಡಿದರು. ವಾಸದ ಮನೆಗೆ ಶೇ. 50ರವರೆಗೆ, ವಾಣಿಜ್ಯ ಕಟ್ಟಡಕ್ಕೆ ಶೇ. 25ರವರೆಗೆ ಉಲ್ಲಂಘನೆ ಇದ್ದರೆ ದಂಡ ಕಟ್ಟಿಸಿಕೊಂಡು ಸಕ್ರಮ. ಒಬ್ಬ ಇಂಜಿನಿಯರ್ ಬಂದು ಟೇಪ್ ಹಿಡಿದು ಅಳೆದು ನಕ್ಕುಬಿಟ್ಟ. "ಸಾರ್, ಬಿಡಬೇಕಾದ ಜಾಗದಲ್ಲಿ ಏನೂ ಬಿಟ್ಟಿಲ್ಲ ನೀವು. ಐವತ್ತಲ್ಲ, ನೂರಕ್ಕೆ ನೂರು!" ಆದರೂ ಅಪ್ಪ ದಿನಾ ಪೇಪರ್ ನೋಡ್ತಿದ್ರು. 2016ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಯೋಜನೆಯನ್ನ ಎತ್ತಿಹಿಡಿಯಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಎರಡೂ ಸುದ್ದಿಯನ್ನ ಅಪ್ಪ ಕತ್ತರಿಸಿ ಚೀಲದಲ್ಲಿ ಇಟ್ಟಿದ್ದಾರೆ, ಒಂದಕ್ಕೊಂದು ಪಿನ್ ಮಾಡಿ. 2018ರಲ್ಲಿ ಹೋಗಿಬಿಟ್ಟರು.

ಈಗ ಹೊಸದು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂತು. ಊರಿನ ನಕ್ಷೆ ಹಾಕುವ ಅಧಿಕಾರ ಬಿಡಿಎಯಿಂದ ಹೊಸ ಪ್ರಾಧಿಕಾರಕ್ಕೆ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಅದರ ಬೆನ್ನಿಗೇ ಅಕ್ಟೋಬರ್‌ನಲ್ಲಿ ಎ ಖಾತಾ ಆದೇಶ. ಮಾರ್ಗಸೂಚಿ ಬೆಲೆಯ ಶೇ. 5 ಕಟ್ಟಿ ಅಂದರು. ಲೆಕ್ಕಕ್ಕೆ ಚದರಡಿಗೆ 4,000 ಅಂತ ಇಟ್ಟುಕೊಳ್ಳಿ. 1,200 ಅಡಿಗೆ 48 ಲಕ್ಷ, ಕಟ್ಟಬೇಕಾದ್ದು 2 ಲಕ್ಷ 40 ಸಾವಿರ. ಇದರ ಜೊತೆ, ಇಂಥ ಬಡಾವಣೆಗಳ ಖಾಸಗಿ ರಸ್ತೆಗಳನ್ನ ಸಾರ್ವಜನಿಕ ರಸ್ತೆ ಅಂತ ಘೋಷಿಸುತ್ತಾರೆ. ಮೂವತ್ತು ವರ್ಷ ನಾವು ಓಡಾಡಿದ್ದು, ಬಸ್ಸು ಹಿಡಿಯೋಕೆ ಓಡಿದ್ದು, ಅಪ್ಪನ್ನ ಹೊತ್ತುಕೊಂಡು ಹೋಗಿದ್ದು ಎಲ್ಲ ದಾಖಲೆ ಪ್ರಕಾರ ಯಾರದೋ ಖಾಸಗಿ ಜಾಗದಲ್ಲಿ ಅಂತ ನನಗೆ ತಿಳಿದಿದ್ದೇ ಈಗ.

ಮತ್ತೆ ಇದರಲ್ಲಿ ಸಕ್ರಮ ಆಗೋದು ಸೈಟು, ಕಟ್ಟಡ ಅಲ್ಲ. ನಮ್ಮ ಎರಡನೇ ಮಹಡಿ ಮೊದಲಿನ ಹಾಗೇ ಅಕ್ರಮ. ಪಾರ್ಕಂತೂ ಬರಲ್ಲ, ಎಲ್ಲಿಂದ ಬರುತ್ತೆ? ಮಳೆನೀರಿಗೆ ಚರಂಡಿ ಜಾಗ ಸೈಟು ಮಾಡುವಾಗಲೇ ಬಿಟ್ಟಿರಲಿಲ್ಲ. 2022ರ ಮಳೆಯಲ್ಲಿ ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು ನಿಂತಾಗ ಬೈಯೋಕಾದ್ರೂ ಒಬ್ಬರು ಬೇಕು ಅನ್ನಿಸಿತ್ತು. ಕಾರ್ಪೊರೇಟರ್‌ಗಳ ಅವಧಿ 2020ರ ಸೆಪ್ಟೆಂಬರ್ 10ಕ್ಕೇ ಮುಗಿದಿತ್ತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದಲ್ಲೇ ಇದೆ, 243ಯು ವಿಧಿ. ಐದು ಪಾಲಿಕೆ ಹುಟ್ಟಿದ ದಿನವೂ ಒಬ್ಬ ಚುನಾಯಿತ ಸದಸ್ಯ ಇರಲಿಲ್ಲ. ಮೊದಲು ನಮ್ಮ ಕಾರ್ಪೊರೇಟರ್‌ ಬೆಳಿಗ್ಗೆ ಟೀ ಅಂಗಡಿ ಹತ್ತಿರ ಸಿಗೋರು. ಕೆಲಸ ಆಗ್ತಿತ್ತು ಅಂತಲ್ಲ, ಸಿಗೋರು. ವಾರ್ಡುಗಳು 198ರಿಂದ 369 ಆಗಿರೋದು ನನಗೆ ಖುಷಿಯೇ, ಸಣ್ಣ ವಾರ್ಡಾದರೆ ಮನುಷ್ಯ ಹತ್ತಿರ ಇರ್ತಾನೆ. ಆದರೆ ನಮ್ಮ ಬೀದಿ ಚರಂಡಿಯ ಮಾತು ಮುಖ್ಯಮಂತ್ರಿ ಅಧ್ಯಕ್ಷರಾಗಿರೋ ಸಭೆಗೆ ಹೇಗೆ ಮುಟ್ಟುತ್ತೆ ಅಂತ ಮಾತ್ರ ನನಗೆ ಅರ್ಥ ಆಗಿಲ್ಲ.

ಅಮ್ಮನಿಗೆ ದುಡ್ಡು ಕಟ್ಟೋದು ಇಷ್ಟ ಇಲ್ಲ. "ನಿಮ್ಮಪ್ಪ ನಗರಸಭೆಗೆ ಕಟ್ಟಿದ್ದು ಏನಕ್ಕೆ ಮತ್ತೆ? ಒಂದೇ ಮನೆಗೆ ಎಷ್ಟ್ ಸಲ ಕಟ್ತೀರೋ?" ಅಂದರು. ತಂಗಿ ಫೋನಲ್ಲಿ, "ಕಟ್ಟೋಣ ಅಣ್ಣ, ಅರ್ಧ ನಾನು ಕೊಡ್ತೀನಿ" ಅಂದಳು. ಅವಳ ಮದುವೆ ಸಾಲದ ಕಥೆ ಅವಳಿಗೆ ಗೊತ್ತು, ಅವಳು ಮರೆತಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ರು ಇದ್ದಿದ್ರೆ ಕಟ್ಟೇ ಕಟ್ಟೋರು ಬಿಡು" ಅಂದರು.

ಮನೆ ಮುಂಭಾಗದ ಫೋಟೋ ತೆಗೆದಿಟ್ಟುಕೊಳ್ಳೋಣ ಅಂತ ಬೀದಿಗೆ ಇಳಿದೆ. ಹನ್ನೊಂದು ಗಂಟೆ, ಚುರುಗುಟ್ಟೋ ಬಿಸಿಲು. ಪಕ್ಕದ ಆಂಟಿ ಬಾಗಿಲಿಗೆ ಬಂದು, "ನಿಮ್ದು ಎ ಆಗುತ್ತಂತಲ್ಲಪ್ಪ? ನಮ್ದೂ ಒಸಿ ನೋಡಿ ಹೇಳು, ನಮ್ ಹುಡುಗ ಊರಲ್ಲಿಲ್ಲ" ಅಂದರು. ಕಾಗದ ತರೋಕೆ ಒಳಗೆ ಹೋದರು. ಹಿಂದೆ ಅಡುಗೆಮನೆಯಲ್ಲಿ ಲೈಟ್ ಉರೀತಿತ್ತು.

ಎರಡೂ ಅರ್ಜಿ ನಾನೇ ಹಾಕಿದೆ. ನಿಮ್ಮಲ್ಲಿ ಯಾರಾದರೂ ಹೀಗೆ ಅರ್ಜಿ ಹಾಕಿದ್ದರೆ, ಅಳತೆಗೆ ಬಂದವರು ಮೇಲಿನ ಮಹಡಿ ಬಗ್ಗೆ ಏನು ಕೇಳಿದರು ಅಂತ ದಯವಿಟ್ಟು ಬರೀರಿ.